ಬಡವನ ಗಡ್ಡೆ, ಉಳಿದ ಮಾಂಸ: ಒಂದು ಅಡುಗೆಯ ಚರಿತ್ರೆ

ಅರಸರು ಏನು ತಿಂದರು ಎಂಬುದಕ್ಕೆ ದಾಖಲೆಗಳಿವೆ. ಅರಮನೆಯ ಲೆಕ್ಕಪತ್ರಗಳಲ್ಲಿ, ಪ್ರವಾಸಿಗರ ಬರಹಗಳಲ್ಲಿ, ಚಿತ್ರಗಳಲ್ಲಿ ಅದನ್ನು ಹುಡುಕಬಹುದು. ಬಡವರು ಏನು ತಿಂದರು ಎಂಬುದನ್ನು ಬರೆದಿಟ್ಟವರು ಕಡಿಮೆ. ಅದನ್ನು ತಿಳಿಯಬೇಕಾದರೆ ಇಂದಿಗೂ ಒಲೆಯ ಮೇಲೆ ಬೇಯುತ್ತಿರುವ ಕೆಲವು ಅಡುಗೆಗಳನ್ನೇ ಕೇಳಬೇಕಾಗುತ್ತದೆ.

ಬ್ರಿಟನ್ ಮತ್ತು ಐರ್ಲೆಂಡಿನ ಮನೆಗಳಲ್ಲಿ ಅಂತಹ ಒಂದು ಅಡುಗೆಯಿದೆ. ಕೀಮಾವನ್ನು ಈರುಳ್ಳಿ, ಕ್ಯಾರೆಟ್‌ಗಳೊಂದಿಗೆ ಬೇಯಿಸಿ ಅಗಲವಾದ ಪಾತ್ರೆಯಲ್ಲಿ ಹರಡುತ್ತಾರೆ. ಅದರ ಮೇಲೆ ಬೆಣ್ಣೆ ಸೇರಿಸಿ ಹಿಸುಕಿದ ಆಲೂಗಡ್ಡೆಯನ್ನು ದಪ್ಪವಾಗಿ ಹೊದಿಸುತ್ತಾರೆ. ಮೇಲ್ಭಾಗ ಹೊಂಬಣ್ಣಕ್ಕೆ ತಿರುಗುವವರೆಗೆ ಓವನ್ನಿನಲ್ಲಿಡುತ್ತಾರೆ. ಇಷ್ಟೇ. ಕುರಿಮಾಂಸದಿಂದ ಮಾಡಿದರೆ ಅದಕ್ಕೆ ಶೆಫರ್ಡ್ಸ್ ಪೈ ಎಂದು ಹೆಸರು, ಅಂದರೆ ಕುರಿಗಾಹಿಯ ಪೈ. ದನದ ಮಾಂಸದಿಂದ ಮಾಡಿದರೆ ಕಾಟೇಜ್ ಪೈ, ಅಂದರೆ ಗುಡಿಸಲಿನ ಪೈ. ಮಳೆ ಸುರಿಯುವ ಸಂಜೆ ಶಾಲೆಯಿಂದ ನೆನೆದು ಬಂದ ಮಗುವಿಗೆ ಅಲ್ಲಿನ ತಾಯಂದಿರು ಇದನ್ನು ಬಡಿಸುತ್ತಾರೆ. ದೂರದ ಊರಿನಲ್ಲಿರುವವರು ಮನೆಯನ್ನು ನೆನೆದಾಗ ಇದನ್ನೂ ನೆನೆಯುತ್ತಾರೆ. ನಮ್ಮಲ್ಲಿ ಬಿಸಿ ಅನ್ನ-ಸಾರು, ಗಂಜಿ-ಚಟ್ನಿಗಳಿಗೆ ಇರುವ ಸ್ಥಾನವೇ ಅಲ್ಲಿ ಇದಕ್ಕೆ.

ಆದರೆ ಈ ಹೆಸರುಗಳನ್ನು ತುಸು ನಿಂತು ಯೋಚಿಸಿದರೆ ಒಂದು ಪ್ರಶ್ನೆ ಏಳುತ್ತದೆ. ಗುಡಿಸಲಿನಲ್ಲಿದ್ದವನಿಗೆ ಮಾಂಸ ಎಲ್ಲಿಂದ ಬಂತು? ಕುರಿ ಕಾಯುವವನಿಗೆ ಕುರಿಯನ್ನು ತಿನ್ನುವ ಹಕ್ಕು ಇತ್ತೇ? ಈ ಪ್ರಶ್ನೆಗಳ ಬೆನ್ನು ಹತ್ತಿ ಹೋದರೆ ಒಂದು ಪಾತ್ರೆಯೊಳಗೆ ಮೂರು ಶತಮಾನಗಳ ಹಸಿವು, ಭೂಮಿ ಮತ್ತು ಅಧಿಕಾರದ ಕಥೆ ಕಾಣುತ್ತದೆ.

ಸಂಶಯಕ್ಕೊಳಗಾದ ಗಡ್ಡೆ

ಮೊದಲು ಮೇಲಿನ ಪದರದ ವಿಚಾರ. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸಾಲು. ಟಿಟಿಕಾಕಾ ಸರೋವರದ ಸುತ್ತಣ ಎತ್ತರದ ನೆಲದಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ರೈತರು ಇದನ್ನು ಪಳಗಿಸಿದರು. ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲಿನ ಬಿಸಿಲಿಗೆ ಒಣಗಿಸಿ, ಕಾಲಿನಿಂದ ತುಳಿದು ನೀರು ತೆಗೆದು ವರ್ಷಗಟ್ಟಲೆ ಕೆಡದಂತೆ ಇಡುವ ವಿದ್ಯೆಯೂ ಅವರಿಗೆ ತಿಳಿದಿತ್ತು. 16ನೇ ಶತಮಾನದಲ್ಲಿ ಸ್ಪೇನಿನವರು ಇಂಕಾ ಸಾಮ್ರಾಜ್ಯವನ್ನು ನಾಶ ಮಾಡಿ ಚಿನ್ನ-ಬೆಳ್ಳಿಯನ್ನು ಹಡಗಿಗೆ ತುಂಬಿದಾಗ ಈ ಗಡ್ಡೆಯೂ ಜೊತೆಯಲ್ಲಿ ಯುರೋಪಿಗೆ ಬಂತು. ಮುಂದೆ ಯುರೋಪಿನ ಜನಕೋಟಿಯ ಹೊಟ್ಟೆ ತುಂಬಿಸಿದ್ದು ಚಿನ್ನವಲ್ಲ, ಈ ಗಡ್ಡೆ.

ನಮ್ಮ ನಾಡಿಗೆ ಇದನ್ನು ತಂದವರು ಪೋರ್ಚುಗೀಸರು. ಕರಾವಳಿಯಲ್ಲಿ ನಾವು ಇಂದಿಗೂ ಬಳಸುವ ‘ಬಟಾಟೆ’ ಎಂಬ ಮಾತು ಅವರ ‘ಬಟಾಟ’ದಿಂದ ಬಂದದ್ದು. ಅದು ಮೂಲದಲ್ಲಿ ಕೆರಿಬಿಯನ್ ದ್ವೀಪಗಳ ಜನ ಸಿಹಿಗೆಣಸಿಗೆ ಇಟ್ಟಿದ್ದ ಹೆಸರು. ಕೀಮಾ ಎಂಬ ಮಾತಾದರೋ ತುರ್ಕಿ ಮೂಲದ್ದು, ಸಣ್ಣಗೆ ಕೊಚ್ಚುವುದು ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ‘ಬಟಾಟೆ-ಕೀಮಾ’ ಎಂದು ಹೇಳಿದಾಗ ನಮ್ಮ ನಾಲಿಗೆ ಎರಡು ಖಂಡಗಳನ್ನು ದಾಟಿರುತ್ತದೆ.

ಯುರೋಪಿನಲ್ಲಿ ಈ ಗಡ್ಡೆಯನ್ನು ಯಾರೂ ಸುಲಭವಾಗಿ ಒಪ್ಪಲಿಲ್ಲ. ನೆಲದೊಳಗೆ ಬೆಳೆಯುವುದು, ರೂಪವಿಲ್ಲದ್ದು, ಬೈಬಲ್ಲಿನಲ್ಲಿ ಹೆಸರಿಲ್ಲದ್ದು ಎಂಬ ಕಾರಣಗಳಿಂದ ಜನ ಅದನ್ನು ಸಂಶಯದಿಂದ ನೋಡಿದರು. ಕುಷ್ಠರೋಗ ತರುತ್ತದೆ ಎಂಬ ಭಯ ಫ್ರಾನ್ಸಿನಲ್ಲಿತ್ತು. ಹಂದಿಗಳಿಗೆ, ಕೈದಿಗಳಿಗೆ, ಬಡವರಿಗೆ ಮಾತ್ರ ಅದು ಆಹಾರವೆಂದು ತಿಳಿಯಲಾಗಿತ್ತು. ಪ್ರಶ್ಯದ ದೊರೆ ಫ್ರೆಡರಿಕ್ 1756ರಲ್ಲಿ ಆಲೂಗಡ್ಡೆ ಬೆಳೆಯಬೇಕೆಂದು ಆಜ್ಞೆಯನ್ನೇ ಹೊರಡಿಸಬೇಕಾಯಿತು.

ಅದೇ ಪ್ರಶ್ಯದ ಸೆರೆಯಲ್ಲಿ ಏಳು ವರ್ಷಗಳ ಯುದ್ಧದ ಕಾಲದಲ್ಲಿ ಫ್ರೆಂಚ್ ಸೇನೆಯ ಒಬ್ಬ ಔಷಧ ತಯಾರಕನಿದ್ದ. ಅವನ ಹೆಸರು ಆಂಟ್ವಾನ್ ಪಾರ್ಮೆಂಟಿಯೆ. ಸೆರೆಮನೆಯಲ್ಲಿ ಅವನಿಗೆ ಸಿಗುತ್ತಿದ್ದುದು ಈ ಗಡ್ಡೆ. ಅದನ್ನು ತಿಂದೂ ತಾನು ಆರೋಗ್ಯವಾಗಿಯೇ ಇರುವುದನ್ನು ಅವನು ಗಮನಿಸಿದ. ಸ್ವದೇಶಕ್ಕೆ ಮರಳಿದ ಮೇಲೆ ಬರಗಾಲವನ್ನು ತಡೆಯಬಲ್ಲ ಆಹಾರ ಇದೇ ಎಂದು ಜೀವಮಾನವಿಡೀ ವಾದಿಸಿದ. 1772ರಲ್ಲಿ ಪ್ಯಾರಿಸ್ಸಿನ ವೈದ್ಯರು ಇದು ತಿನ್ನಲು ಯೋಗ್ಯ ಎಂದು ಒಪ್ಪಿದರು. ಕೊಚ್ಚಿದ ಮಾಂಸದ ಮೇಲೆ ಆಲೂಗಡ್ಡೆ ಹೊದಿಸಿ ಬೇಯಿಸುವ ಅಡುಗೆಗೆ ಫ್ರಾನ್ಸಿನಲ್ಲಿ ಇಂದಿಗೂ ‘ಆಶಿ ಪಾರ್ಮೆಂಟಿಯೆ’ ಎಂದೇ ಹೆಸರು. ಪ್ಯಾರಿಸ್ಸಿನ ಪೆರ್ ಲಾಶೇಜ್ ಸ್ಮಶಾನದಲ್ಲಿರುವ ಅವನ ಸಮಾಧಿಯ ಮೇಲೆ ಜನ ಹೂವಿನ ಜೊತೆ ಆಲೂಗಡ್ಡೆಗಳನ್ನು ಇಟ್ಟುಹೋಗುತ್ತಾರೆ. ಫ್ರೆಂಚರು ಈ ಅಡುಗೆಗೆ ಹಸಿವಿನ ವಿರುದ್ಧ ದುಡಿದ ಒಬ್ಬನ ಹೆಸರಿಟ್ಟರು. ಇಂಗ್ಲಿಷರು ಇಟ್ಟದ್ದು ಹಸಿದವನ ಮನೆಯ ಹೆಸರನ್ನು.

ಗುಡಿಸಲಿನ ಹೆಸರು, ಯಾರ ಊಟ?

ಪೈ ಎಂದರೆ ಮೂಲದಲ್ಲಿ ಗೋಧಿ ಹಿಟ್ಟಿನ ಕಣಕದೊಳಗೆ ಮಾಂಸವನ್ನು ಮುಚ್ಚಿ ಸುಡುವ ಅಡುಗೆ. ಅದಕ್ಕೆ ಗೋಧಿ ಬೇಕು, ಕೊಬ್ಬು ಬೇಕು, ಸುಡಲು ಗೂಡೊಲೆ ಬೇಕು. ಇಂಗ್ಲೆಂಡಿನ ಕೂಲಿಕಾರನ ಮನೆಯಲ್ಲಿ ಈ ಮೂರೂ ದುರ್ಲಭವಾಗಿದ್ದವು. 18ನೇ ಶತಮಾನದ ಕೊನೆಯಲ್ಲಿ ಗೋಧಿಯ ಬೆಲೆ ಏರುತ್ತಾ ಹೋಯಿತು. 1795ರ ಧಾನ್ಯಾಭಾವದಲ್ಲಿ ಊರೂರುಗಳಲ್ಲಿ ರೊಟ್ಟಿಗಾಗಿ ದಂಗೆಗಳಾದವು. ಅದೇ ವರ್ಷ ಅಲ್ಲಿನ ಕೃಷಿ ಮಂಡಳಿ ಆಲೂಗಡ್ಡೆಯನ್ನು ಬೆಳೆದು ತಿನ್ನುವ ಬಗ್ಗೆ ವರದಿಯನ್ನೇ ಪ್ರಕಟಿಸಿತು. ರೊಟ್ಟಿ ಸಿಗದಿದ್ದರೆ ಆಲೂಗಡ್ಡೆ ತಿನ್ನಿ ಎಂಬುದು ಅದರ ಸಾರ. ಬಡವರ ಪರವಾಗಿ ಬರೆಯುತ್ತಿದ್ದ ವಿಲಿಯಂ ಕಾಬೆಟ್ ಇದನ್ನು ಕಟುವಾಗಿ ವಿರೋಧಿಸಿದರು. ಆಲೂಗಡ್ಡೆಗೆ ಒಗ್ಗಿಕೊಂಡ ಕೂಲಿಕಾರನಿಗೆ ಮಾಲೀಕ ರೊಟ್ಟಿ-ಮಾಂಸಕ್ಕೆ ಸಾಲುವಷ್ಟು ಕೂಲಿ ಕೊಡುವುದಿಲ್ಲ ಎಂಬುದು ಅವರ ಆತಂಕವಾಗಿತ್ತು.

‘ಕಾಟೇಜ್ ಪೈ’ ಎಂಬ ಹೆಸರು ಬರಹದಲ್ಲಿ ಮೊದಲು ಕಾಣುವುದು 1791ರಲ್ಲಿ. ನಾರ್ಫೋಕ್ ಪ್ರಾಂತದ ಪಾದ್ರಿ ಜೇಮ್ಸ್ ವುಡ್‌ಫೋರ್ಡ್ ತಮ್ಮ ದಿನಚರಿಯಲ್ಲಿ ಊಟದ ಪಟ್ಟಿಯೊಳಗೆ ಅದನ್ನು ಬರೆದಿದ್ದಾರೆ. ಈ ಪಾದ್ರಿ ಗುಡಿಸಲಿನ ವಾಸಿಯಲ್ಲ. ಚೆನ್ನಾಗಿ ಉಂಡು, ಉಂಡದ್ದನ್ನೆಲ್ಲ ವಿವರವಾಗಿ ಬರೆದಿಟ್ಟವರು. ಎಂದರೆ ಗುಡಿಸಲಿನ ಹೆಸರಿನ ಅಡುಗೆಯ ಮೊದಲ ದಾಖಲೆಯೇ ಸ್ಥಿತಿವಂತನ ಮೇಜಿನಲ್ಲಿದೆ.

ಅಡುಗೆ ಪುಸ್ತಕಗಳನ್ನು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 1806ರಲ್ಲಿ ಪ್ರಕಟವಾದ ಮರಾಯ ರಂಡೆಲ್ ಅವರ ಪುಸ್ತಕದಲ್ಲಿ ‘ಸ್ಯಾಂಡರ್ಸ್’ ಎಂಬ ಅಡುಗೆಯಿದೆ. ದನದ ಅಥವಾ ಕುರಿಯ ಮಾಂಸವನ್ನು ಕೊಚ್ಚಿ, ಈರುಳ್ಳಿ, ಮೆಣಸು, ಉಪ್ಪು ಸೇರಿಸಿ ಸಣ್ಣ ಬಟ್ಟಲುಗಳಲ್ಲಿ ತುಂಬಿ, ಮೇಲೆ ಕೆನೆ ಬೆರೆಸಿ ಹಿಸುಕಿದ ಆಲೂಗಡ್ಡೆ ಹಾಕಿ ಸುಡುವುದು. ಹೆಸರು ಬೇರೆ, ಅಡುಗೆ ಇದೇ. ‘ಶೆಫರ್ಡ್ಸ್ ಪೈ’ ಎಂಬ ಹೆಸರಿನಲ್ಲಿ ಪಾಕವಿಧಾನ 1849ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿ ಸಿಗುತ್ತದೆ. ಅಲ್ಲಿ ಮಾಂಸ ಯಾವುದಾದರೂ ಆಗಬಹುದು, ಆದರೆ ಅದು ಮೊದಲೇ ಬೆಂದಿರಬೇಕು. ಕುರಿಯದ್ದಾದರೆ ಒಂದು ಹೆಸರು, ದನದ್ದಾದರೆ ಇನ್ನೊಂದು ಎಂದು ಇಂದು ಹಲವರು ಹಿಡಿಯುವ ಹಠ ಹಿಂದಿನದಲ್ಲ. ಎರಡು ಹೆಸರುಗಳೂ ಬಹುಕಾಲ ಒಂದಕ್ಕೊಂದು ಬದಲಾಗಿ ಬಳಕೆಯಲ್ಲಿದ್ದವು.

‘ಮೊದಲೇ ಬೆಂದ ಮಾಂಸ’ ಎಂಬ ಮಾತು ಮುಖ್ಯ. ಇಂಗ್ಲೆಂಡಿನಲ್ಲಿ ಭಾನುವಾರ ದೊಡ್ಡ ತುಂಡು ಮಾಂಸವನ್ನು ಸುಡುವ ಪದ್ಧತಿಯಿತ್ತು. ಮೊದಲ ದಿನ ಅದು ಮನೆಯ ಯಜಮಾನನ, ಅತಿಥಿಗಳ ಊಟ. ಉಳಿದದ್ದು ಸೋಮವಾರ ತಣ್ಣಗೆ, ಮಂಗಳವಾರ ಕೊಚ್ಚಿದ ರೂಪದಲ್ಲಿ ಮಕ್ಕಳಿಗೆ, ಆಳುಗಳಿಗೆ. 1861ರಲ್ಲಿ ಪುಸ್ತಕವಾಗಿ ಬಂದ ಇಸಬೆಲ್ಲಾ ಬೀಟನ್ ಅವರ ಹೆಸರಾಂತ ಗೃಹನಿರ್ವಹಣೆ ಗ್ರಂಥದಲ್ಲಿ ಹಲವು ಪಾಕಗಳ ಪಕ್ಕದಲ್ಲಿ ‘ತಣ್ಣಗಿನ ಮಾಂಸದ ಅಡುಗೆ’ ಎಂಬ ಗುರುತೇ ಇದೆ. ಮಾಂಸ ಹಳತಾದಷ್ಟೂ ಒಣಗುತ್ತದೆ. ಅದನ್ನು ಕೊಚ್ಚಿ, ರಸ ಸೇರಿಸಿ, ಮೇಲೆ ಆಲೂಗಡ್ಡೆ ಮುಚ್ಚಿದರೆ ಮತ್ತೆ ಹದವಾಗುತ್ತದೆ. ಅರ್ಧ ಸೇರು ಮಾಂಸ ಎಂಟು ಜನರಿಗೆ ಸಾಲುತ್ತದೆ. ಇದನ್ನು ಕಂಡುಹಿಡಿದವರು ಯಾವ ಪುಸ್ತಕದಲ್ಲೂ ಹೆಸರಿಲ್ಲದ ಗೃಹಿಣಿಯರು ಮತ್ತು ಅಡುಗೆಯ ಆಳುಗಳು.

ಕುರಿ ಬಂತು, ಮನುಷ್ಯ ಹೋದ

‘ಕುರಿಗಾಹಿ’ ಎಂಬ ಹೆಸರು ಎಡಿನ್‌ಬರೋದ ಪುಸ್ತಕದಲ್ಲಿ ಕಾಣಿಸಿಕೊಂಡ ಕಾಲವನ್ನು ಗಮನಿಸಬೇಕು. ಅದಕ್ಕೆ ಮುಂಚಿನ ಅರ್ಧ ಶತಮಾನದಲ್ಲಿ ಸ್ಕಾಟ್ಲೆಂಡಿನ ಬೆಟ್ಟನಾಡಿನಲ್ಲಿ ದೊಡ್ಡ ದುರಂತ ನಡೆದಿತ್ತು. ಜಮೀನ್ದಾರರು ಉಣ್ಣೆ ಮತ್ತು ಮಾಂಸದ ಲಾಭಕ್ಕಾಗಿ ತಲೆತಲಾಂತರದಿಂದ ಉಳುತ್ತಿದ್ದ ಗೇಣಿದಾರರನ್ನು ಕಣಿವೆಗಳಿಂದ ಒಕ್ಕಲೆಬ್ಬಿಸಿ ಅಲ್ಲಿ ಕುರಿಗಳನ್ನು ಬಿಟ್ಟರು. ಸದರ್‌ಲೆಂಡ್ ಪ್ರಾಂತದ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814 ಮತ್ತು 1819ರಲ್ಲಿ ಮನೆಗಳ ಛಾವಣಿಗೆ ಬೆಂಕಿಯಿಟ್ಟು ಜನರನ್ನು ಹೊರಹಾಕಿದ್ದು ಚರಿತ್ರೆಯಲ್ಲಿ ದಾಖಲಾಗಿದೆ. ಹೊರಬಿದ್ದವರಿಗೆ ಕಡಲಂಚಿನ ಕಲ್ಲುನೆಲದಲ್ಲಿ ಚೂರುಪಾರು ಜಾಗ ಸಿಕ್ಕಿತು. ಅಷ್ಟು ಕಡಿಮೆ ನೆಲದಲ್ಲಿ ಕುಟುಂಬವನ್ನು ಸಾಕಬಲ್ಲ ಬೆಳೆ ಒಂದೇ ಇತ್ತು, ಆಲೂಗಡ್ಡೆ.

ಹೀಗೆ ಒಂದೇ ನಾಡಿನಲ್ಲಿ ಕುರಿ ಒಳ್ಳೆಯ ನೆಲವನ್ನು ಹಿಡಿಯಿತು, ಆಲೂಗಡ್ಡೆ ಮತ್ತು ಅದನ್ನು ತಿನ್ನುವವರು ಕೆಟ್ಟ ನೆಲಕ್ಕೆ ಸರಿದರು. ಪಾತ್ರೆಯಲ್ಲಿ ಮಾಂಸದ ಮೇಲೆ ಆಲೂಗಡ್ಡೆ ಕುಳಿತಿರುತ್ತದೆ. ಸಮಾಜದಲ್ಲಿ ಆಲೂಗಡ್ಡೆ ತಿನ್ನುವವನ ಮೇಲೆ ಮಾಂಸ ತಿನ್ನುವವನು ಕುಳಿತಿದ್ದ. ಈ ಎರಡು ಪದರಗಳು ಬಡವನ ಒಂದೇ ತಟ್ಟೆಯಲ್ಲಿ ಸೇರಲು ಇನ್ನೂ ಕಾಲ ಬೇಕಿತ್ತು.

ಗಡ್ಡೆ ಕೊಳೆತಾಗ

ಐರ್ಲೆಂಡಿನ ಕಥೆ ಇದಕ್ಕಿಂತ ಭೀಕರ. ಅಲ್ಲಿನ ಭೂಮಿಯ ಬಹುಭಾಗ ಇಂಗ್ಲಿಷ್ ಮೂಲದ ಜಮೀನ್ದಾರರ ಕೈಯಲ್ಲಿತ್ತು. ರೈತ ಬೆಳೆದ ಧಾನ್ಯ, ಸಾಕಿದ ದನ, ಕಡೆದ ಬೆಣ್ಣೆ ಗೇಣಿಗೆ ಹೋಗುತ್ತಿತ್ತು. ಅವನ ಕುಟುಂಬ ಬದುಕುತ್ತಿದ್ದುದು ಒಂದು ಚೂರು ಜಾಗದಲ್ಲಿ ಬೆಳೆದ ಆಲೂಗಡ್ಡೆಯಿಂದ. ದುಡಿಯುವ ಗಂಡಸು ದಿನಕ್ಕೆ ಐದಾರು ಕಿಲೋ ಆಲೂಗಡ್ಡೆಯನ್ನು ಮಜ್ಜಿಗೆಯೊಂದಿಗೆ ತಿನ್ನುತ್ತಿದ್ದ. ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗಕ್ಕೆ ಬೇರೆ ಆಹಾರವೇ ಇರಲಿಲ್ಲ.

1845ರಲ್ಲಿ ಈ ಬೆಳೆಗೆ ಅಂಗಮಾರಿ ರೋಗ ತಗಲಿತು. ಹಸಿರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಕಪ್ಪಾಯಿತು, ಅಗೆದರೆ ಗಡ್ಡೆ ನಾರುವ ಲೋಳೆಯಾಗಿತ್ತು. 1846ರಲ್ಲಿ ಬೆಳೆ ಪೂರ್ತಿ ಹೋಯಿತು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಹಸಿವು ಮತ್ತು ರೋಗದಿಂದ ಸತ್ತರು, 10 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರ ಗಣತಿಯಲ್ಲಿ ಸುಮಾರು 65 ಲಕ್ಷಕ್ಕಿಳಿದಿತ್ತು. ಇದೇ ವರ್ಷಗಳಲ್ಲಿ ಐರ್ಲೆಂಡಿನ ಬಂದರುಗಳಿಂದ ದನಗಳು, ಬೆಣ್ಣೆ, ಓಟ್ಸ್ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಹೊರಗಿನಿಂದ ಜೋಳವೂ ಬಂತು ಎಂಬುದು ನಿಜ. 1847ರಲ್ಲಿ ಅದು ದೊಡ್ಡ ಪ್ರಮಾಣದಲ್ಲೇ ಬಂತು. ಆದರೆ ಕೊಳ್ಳಲು ಕಾಸಿಲ್ಲದವನಿಗೆ ಅದರಿಂದ ಆದ ಪ್ರಯೋಜನವೇನು? ಆ ವರ್ಷದ ಬೇಸಿಗೆಯಲ್ಲಿ ಸರಕಾರದ ಗಂಜಿ ಕೇಂದ್ರಗಳು ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಉಣಿಸಿದವು. ಅವು ಪ್ರಾಣ ಉಳಿಸಿದವು. ಆದರೂ ಕೆಲವೇ ತಿಂಗಳಲ್ಲಿ ಅವನ್ನು ಮುಚ್ಚಲಾಯಿತು. ಕಾಲು ಎಕರೆಗಿಂತ ಹೆಚ್ಚು ನೆಲ ಹಿಡಿದವನು ಅದನ್ನು ಬಿಟ್ಟುಕೊಡದೆ ಪರಿಹಾರ ಪಡೆಯುವಂತಿಲ್ಲ ಎಂಬ ನಿಯಮವೂ ಬಂತು.

ಈ ಹಸಿವಿಗೆ ದೂರದೂರದ ಜನ ಮಿಡಿದರು. ಅಮೆರಿಕದ ಚೊಕ್ಟಾ ಬುಡಕಟ್ಟಿನವರು, ತಾವೇ ಕೆಲವು ವರ್ಷಗಳ ಹಿಂದೆ ತಮ್ಮ ನೆಲದಿಂದ ಅಟ್ಟಲ್ಪಟ್ಟವರು, 1847ರಲ್ಲಿ ಹಣ ಕೂಡಿಸಿ ಕಳಿಸಿದರು. ಕಲ್ಕತ್ತೆಯಿಂದಲೂ ವಂತಿಗೆ ಹೋಯಿತು. ಉಸ್ಮಾನಿಯಾ ಸುಲ್ತಾನ ಅಬ್ದುಲ್ ಮಜೀದ್ 1,000 ಪೌಂಡು ಕೊಟ್ಟರು. ಐರ್ಲೆಂಡಿನ ಗಣ್ಯರು ಸಹಿ ಮಾಡಿದ ಕೃತಜ್ಞತಾ ಪತ್ರ ಇಸ್ತಾಂಬುಲಿನಲ್ಲಿ ಉಳಿದುಕೊಂಡಿದೆ. ಸುಲ್ತಾನರು 10,000 ಪೌಂಡು ಕೊಡಲು ಹೊರಟಿದ್ದರು, ವಿಕ್ಟೋರಿಯಾ ರಾಣಿ ಕೊಟ್ಟದ್ದು 2,000 ಮಾತ್ರವಾದ್ದರಿಂದ ಅದಕ್ಕಿಂತ ಕಡಿಮೆ ಕೊಡುವಂತೆ ಅವರಿಗೆ ಸೂಚಿಸಲಾಯಿತು, ಅವರು ಗುಟ್ಟಾಗಿ ದ್ರಾಹೆಡ ಬಂದರಿಗೆ ಧಾನ್ಯದ ಹಡಗುಗಳನ್ನು ಕಳಿಸಿದರು ಎಂಬ ಕಥೆ ಬಹುಕಾಲದಿಂದ ಹೇಳಿಕೆಯಲ್ಲಿದೆ. ಆ ಊರಿನ ಲಾಂಛನದಲ್ಲಿರುವ ಚಂದ್ರ-ನಕ್ಷತ್ರವನ್ನು ಇದಕ್ಕೆ ಸಾಕ್ಷಿಯಾಗಿ ತೋರಿಸುವವರೂ ಇದ್ದಾರೆ. ಆದರೆ ಆ ಚಿಹ್ನೆ ಈ ಬರಗಾಲಕ್ಕಿಂತ ಎಷ್ಟೋ ಹಳೆಯದು. ಒಳ್ಳೆಯ ಕೆಲಸಕ್ಕೆ ಉತ್ಪ್ರೇಕ್ಷೆಯ ಅಲಂಕಾರ ಬೇಕಾಗಿಲ್ಲ. ದಾಖಲೆಯಲ್ಲಿರುವ 1,000 ಪೌಂಡೇ ಸಾಕಷ್ಟು ದೊಡ್ಡ ಮಾತು.

ಐರ್ಲೆಂಡಿನ ಪರಿಹಾರದ ಹಣದ ಚೀಲ ಲಂಡನ್ ಖಜಾನೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯಾನ್ ಕೈಯಲ್ಲಿತ್ತು. ಇವರು ಉದ್ಯೋಗ ಆರಂಭಿಸಿದ್ದು ಭಾರತದಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿ. ಮಾರುಕಟ್ಟೆಯ ವ್ಯವಹಾರದಲ್ಲಿ ಸರಕಾರ ಕೈಹಾಕಬಾರದು ಎಂಬುದು ಇವರ ದೃಢ ನಂಬಿಕೆ. ಬರಗಾಲವನ್ನು ದೈವವೇ ಐರ್ಲೆಂಡನ್ನು ತಿದ್ದಲು ಕಳಿಸಿದ ಸಾಧನವೆಂಬ ಅರ್ಥದಲ್ಲಿ 1848ರಲ್ಲಿ ಪುಸ್ತಕವನ್ನೂ ಬರೆದರು. 1859ರಲ್ಲಿ ಅವರೇ ಮದರಾಸಿನ ಗವರ್ನರ್ ಆಗಿ ಬಂದರು. ಅವರು ಹೆಚ್ಚು ಕಾಲ ಇಲ್ಲಿರಲಿಲ್ಲ, ಆದರೆ ಅವರು ನಂಬಿದ್ದ ಸಿದ್ಧಾಂತ ಇಲ್ಲೇ ಉಳಿಯಿತು. 1876–78ರ ಬರಗಾಲದಲ್ಲಿ, ನಮ್ಮ ಹಿರಿಯರು ಧಾತು ಸಂವತ್ಸರದ ಬರವೆಂದು ನೆನೆಯುತ್ತಿದ್ದ ಆ ದುರಂತದಲ್ಲಿ, ಧಾನ್ಯ ವ್ಯಾಪಾರಕ್ಕೆ ಅಡ್ಡ ಬರಬಾರದೆಂಬ ನೀತಿಯನ್ನೇ ಬ್ರಿಟಿಷ್ ಸರಕಾರ ಹಿಡಿಯಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಐರ್ಲೆಂಡಿನ ಆಲೂಗಡ್ಡೆ ಹೊಲ ಮತ್ತು ಮೈಸೂರಿನ ರಾಗಿ ಹೊಲ ಒಂದಕ್ಕೊಂದು ಬಹು ದೂರ. ಅವೆರಡರ ಹಸಿವನ್ನು ಅಳೆದ ತಕ್ಕಡಿ ಮಾತ್ರ ಒಂದೇ.

ಸಮನಾಗಿ ಹಂಚಿದ ಕಾಲ

ಹಾಗಾದರೆ ಮಾಂಸವೂ ಆಲೂಗಡ್ಡೆಯೂ ಎಲ್ಲರ ತಟ್ಟೆಯಲ್ಲಿ ಸೇರಿದ್ದು ಯಾವಾಗ? 19ನೇ ಶತಮಾನದ ಕೊನೆಯ ಹೊತ್ತಿಗೆ ಶೀತಲ ಹಡಗುಗಳಲ್ಲಿ ನ್ಯೂಜಿಲೆಂಡ್, ಅರ್ಜೆಂಟೀನಾಗಳಿಂದ ಅಗ್ಗದ ಮಾಂಸ ಬರತೊಡಗಿತು. ಕೈಯಿಂದ ತಿರುಗಿಸುವ ಕೀಮಾ ಯಂತ್ರ ಮನೆಗಳಿಗೆ ಬಂತು. ಕಾರ್ಮಿಕನ ಮನೆಯಲ್ಲೂ ವಾರಕ್ಕೊಮ್ಮೆ ಈ ಪೈ ಬೇಯುವಂತಾಯಿತು. ಅದನ್ನು ದೇಶದ ಸಾಮಾನ್ಯ ಊಟವನ್ನಾಗಿ ಮಾಡಿದ್ದರಲ್ಲಿ ಎರಡನೇ ಮಹಾಯುದ್ಧದ ಪಾಲೂ ದೊಡ್ಡದು.

1940ರ ಮಾರ್ಚಿನಲ್ಲಿ ಬ್ರಿಟನ್ನಿನಲ್ಲಿ ಮಾಂಸಕ್ಕೆ ಪಡಿತರ ಬಂತು. ಶ್ರೀಮಂತನಿಗೂ ಬಡವನಿಗೂ ಒಂದೇ ಅಳತೆ. ಆಲೂಗಡ್ಡೆಗೆ ಯುದ್ಧಕಾಲದಲ್ಲಿ ಪಡಿತರವಿರಲಿಲ್ಲ. ಹೆಚ್ಚು ತಿನ್ನಿ ಎಂದು ಆಹಾರ ಇಲಾಖೆ ‘ಪೊಟೇಟೊ ಪೀಟ್’ ಎಂಬ ವ್ಯಂಗ್ಯಚಿತ್ರದ ಮೂಲಕ ಪ್ರಚಾರ ಮಾಡಿತು. ಸ್ವಲ್ಪ ಮಾಂಸ, ಬಹಳ ಆಲೂಗಡ್ಡೆ ಎಂಬ ಲೆಕ್ಕಕ್ಕೆ ಈ ಪೈಗಿಂತ ಹೊಂದುವ ಅಡುಗೆ ಬೇರೆ ಯಾವುದಿತ್ತು? ಮಾಂಸದ ಪಡಿತರ ಮುಗಿದದ್ದು 1954ರ ಜುಲೈಯಲ್ಲಿ. ಅಷ್ಟರಲ್ಲಿ ಒಂದು ಪೀಳಿಗೆಯೇ ಇದನ್ನುಂಡು ಬೆಳೆದಿತ್ತು. 1944ರ ಶಿಕ್ಷಣ ಕಾಯಿದೆಯ ನಂತರ ಶಾಲೆಗಳಲ್ಲಿ ಮಧ್ಯಾಹ್ನದ ಊಟ ವ್ಯಾಪಕವಾದಾಗ ಇದು ಮಕ್ಕಳ ತಟ್ಟೆಗೂ ಬಂತು. ಈಗಿನ ಬ್ರಿಟಿಷರು ಇದನ್ನು ಬಾಲ್ಯದ ಊಟವೆಂದು ನೆನೆಯುವುದಕ್ಕೆ ಇದೂ ಒಂದು ಕಾರಣ.

ಆ ದಶಕದಲ್ಲಿ ಬಾಂಬುಗಳ ನಡುವೆಯೂ, ಕೊರತೆಯ ನಡುವೆಯೂ ಬ್ರಿಟನ್ನಿನ ಸಾಮಾನ್ಯ ಜನರ ಸರಾಸರಿ ಆಯುಷ್ಯ ಏರಿತು ಎಂಬುದನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಎತ್ತಿ ತೋರಿಸಿದ್ದಾರೆ. ಆಹಾರ ಹೆಚ್ಚಾದದ್ದಲ್ಲ, ಹಂಚಿಕೆ ಸರಿಯಾದದ್ದು ಅದಕ್ಕೆ ಕಾರಣ. ಅದೇ ಯುದ್ಧದ ಅದೇ ಕಾಲದಲ್ಲಿ, 1943ರಲ್ಲಿ, ಅದೇ ಸಾಮ್ರಾಜ್ಯದ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಹೊಟ್ಟೆ ತುಂಬಿಸುವ ವಿದ್ಯೆ ಆ ಸರಕಾರಕ್ಕೆ ಗೊತ್ತಿರಲಿಲ್ಲವೆಂದಲ್ಲ. ಯಾರ ಹೊಟ್ಟೆ ಎಂಬುದು ಅಲ್ಲಿ ಮುಖ್ಯವಾಗಿತ್ತು.

ಹೊದಿಕೆಯ ಕೆಳಗೆ ಏನಿದೆ?

ಕೊಚ್ಚಿದ ಮಾಂಸಕ್ಕೆ ಒಂದು ದೋಷವಿದೆ. ಕೊಚ್ಚಿದ ಮೇಲೆ ಅದು ಯಾವುದರದ್ದೆಂದು ಕಣ್ಣಿಗೆ ತಿಳಿಯುವುದಿಲ್ಲ. ಅದರ ಮೇಲೆ ಆಲೂಗಡ್ಡೆ ಮುಚ್ಚಿದರಂತೂ ಕೇಳುವುದೇ ಬೇಡ. 2013ರ ಆರಂಭದಲ್ಲಿ ಬ್ರಿಟನ್ನಿನಲ್ಲಿ ದನದ ಮಾಂಸವೆಂದು ಮಾರುತ್ತಿದ್ದ ತಯಾರಿ ಊಟಗಳಲ್ಲಿ ಕುದುರೆ ಮಾಂಸ ಪತ್ತೆಯಾಯಿತು. ಲ್ಯಾಂಕಶೈರ್ ಪ್ರಾಂತದ ಶಾಲೆಗಳಿಗೆ ಹೋಗಿದ್ದ ಕಾಟೇಜ್ ಪೈಗಳಲ್ಲೂ ಅದರ ಅಂಶ ಸಿಕ್ಕಿತು. ಅದೇ ದಿನಗಳಲ್ಲಿ ಸೆರೆಮನೆಗಳಿಗೆ ಹಲಾಲ್ ಎಂದು ಸರಬರಾಜಾಗಿದ್ದ ಮಾಂಸದ ಪೈಗಳಲ್ಲಿ ಹಂದಿಯ ಅಂಶ ಸಿಕ್ಕಿ ಅಲ್ಲಿನ ನ್ಯಾಯ ಇಲಾಖೆ ಸರಬರಾಜು ನಿಲ್ಲಿಸಬೇಕಾಯಿತು. ಇದು ಮುಸ್ಲಿಮರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ತಟ್ಟೆಯಲ್ಲಿರುವುದು ಏನೆಂದು ತಿಳಿಯುವುದು ಉಣ್ಣುವ ಪ್ರತಿಯೊಬ್ಬನ ಹಕ್ಕು. ಅಗ್ಗವಾಗಿ ಸಿಗಬೇಕೆಂದು ಊಟ ಹತ್ತಾರು ಕೈ ದಾಟಿ ಬರುವಾಗ ಮೊದಲು ಕಳೆದುಹೋಗುವುದು ಈ ಹಕ್ಕೇ. ನಮ್ಮ ಊರುಗಳಲ್ಲಿ ಪರಿಚಯದ ಅಂಗಡಿಯಲ್ಲಿ ನಿಂತು, ತುಂಡನ್ನು ತೋರಿಸಿ, ಕಣ್ಣೆದುರಿನಲ್ಲೇ ಕೀಮಾ ಮಾಡಿಸಿಕೊಳ್ಳುವ ರೂಢಿ ಇನ್ನೂ ಉಳಿದಿದೆ. ಅದನ್ನು ಹಳೆಯ ಕಾಲದ್ದೆಂದು ಬಿಟ್ಟುಬಿಡುವ ಮೊದಲು ಯೋಚಿಸುವುದು ಒಳ್ಳೆಯದು.

ಮನೆಯಲ್ಲಿ ಮಾಡುವ ಬಗೆ

ಈ ಅಡುಗೆ ನಮ್ಮ ನಾಡಿಗೆ ತೀರ ಹೊಸದೇನಲ್ಲ. ಬೆಂಗಳೂರಿನ ದಂಡು ಪ್ರದೇಶದ, ಕೋಲಾರ ಚಿನ್ನದ ಗಣಿಯ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಕೀಮಾ ಮತ್ತು ಆಲೂಗಡ್ಡೆಯ ಅಡುಗೆಗಳು ಹಸಿಮೆಣಸು, ಶುಂಠಿ, ಅರಿಸಿನಗಳನ್ನು ಸೇರಿಸಿಕೊಂಡು ಬಾಳಿದವು. ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮ ಉಪಖಂಡದ ಕುಟುಂಬಗಳೂ ಹಲಾಲ್ ಕೀಮಾದಿಂದ, ಕೊತ್ತಂಬರಿ-ಗರಂ ಮಸಾಲೆ ಹಾಕಿ ಇದನ್ನು ತಮ್ಮದಾಗಿಸಿಕೊಂಡಿವೆ.

ಆರು ಜನರಿಗೆ ಅರ್ಧ ಕಿಲೋ ಕುರಿ ಅಥವಾ ಆಡಿನ ಕೀಮಾ, ಒಂದು ಕಿಲೋ ಆಲೂಗಡ್ಡೆ ಸಾಕು. ಎರಡು ಈರುಳ್ಳಿ, ಎರಡು ಕ್ಯಾರೆಟ್‌ಗಳನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ನಿಧಾನವಾಗಿ ಬಾಡಿಸಿ. ಕೀಮಾ ಹಾಕಿ ನೀರೆಲ್ಲ ಆರಿ ಕಂದುಬಣ್ಣಕ್ಕೆ ಬರುವವರೆಗೆ ಹುರಿಯಿರಿ. ರುಚಿ ಹುಟ್ಟುವುದು ಈ ಹಂತದಲ್ಲಿ, ಅವಸರ ಮಾಡಬಾರದು. ಒಂದು ಚಮಚ ಮೈದಾ, ಎರಡು ಟೊಮೆಟೊ, ಕಾಳುಮೆಣಸು, ಉಪ್ಪು, ಒಂದು ಲೋಟ ಮೂಳೆ ಬೇಯಿಸಿದ ನೀರು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಇಂಗ್ಲಿಷರು ಇದಕ್ಕೆ ವೂಸ್ಟರ್‌ಶೈರ್ ಸಾಸ್ ಎಂಬ ಹುಳಿದ್ರವ ಸೇರಿಸುತ್ತಾರೆ. ಬಂಗಾಳದ ಗವರ್ನರನಾಗಿದ್ದ ಸ್ಯಾಂಡಿಸ್ ಎಂಬ ಪ್ರಭು ಅದರ ಪಾಕವನ್ನು ಒಯ್ದನೆಂಬ ಕಥೆಯಿದೆ. ಬಂಗಾಳಕ್ಕೆ ಆ ಹೆಸರಿನ ಗವರ್ನರನೇ ಇರಲಿಲ್ಲ. ಆದರೆ ಆ ಸಾಸಿನಲ್ಲಿ ನಮ್ಮ ಹುಣಸೆಹಣ್ಣು ಇರುವುದಂತೂ ನಿಜ. ನಾವು ನೇರವಾಗಿ ಒಂದು ಚಮಚ ಹುಣಸೆರಸ, ಚಿಟಿಕೆ ಬೆಲ್ಲ ಹಾಕಿಕೊಂಡರಾಯಿತು. ಕೆಲವರು ಹಾಕುವ ಮದ್ಯದ ಅಗತ್ಯ ಇದಕ್ಕೆ ಖಂಡಿತ ಇಲ್ಲ.

ಆಲೂಗಡ್ಡೆ ಬೆಂದ ಮೇಲೆ ನೀರು ಬಸಿದು, ಖಾಲಿ ಪಾತ್ರೆಯಲ್ಲಿ ಎರಡು ನಿಮಿಷ ಬಿಸಿ ಮಾಡಿ ತೇವ ಆರಿಸಿ. ಬಿಸಿಯಿರುವಾಗಲೇ ಬೆಣ್ಣೆ ಹಾಕಿ ಹಿಸುಕಿ, ಆಮೇಲೆ ಬಿಸಿ ಹಾಲು ಸೇರಿಸಿ. ಮಿಕ್ಸಿಗೆ ಹಾಕಿದರೆ ಅಂಟಾಗುತ್ತದೆ. ಕೀಮಾವನ್ನು ಅಗಲ ಪಾತ್ರೆಯಲ್ಲಿ ಹರಡಿ ಚೆನ್ನಾಗಿ ಆರಲು ಬಿಡಿ. ನಾವು ಮೊದಲ ಸಲ ಮಾಡಿದಾಗ ಈ ತಾಳ್ಮೆ ತೋರದೆ ಬಿಸಿ ಕೀಮಾದ ಮೇಲೆಯೇ ಆಲೂಗಡ್ಡೆ ಹರಡಿದೆವು. ಅದು ಮುಳುಗಿ ಎಲ್ಲ ಕಲಸಿಹೋಯಿತು. ಮಕ್ಕಳೇನೋ ತಕರಾರಿಲ್ಲದೆ ತಿಂದರು. ಆರಿದ ಮೇಲೆ ಆಲೂಗಡ್ಡೆಯನ್ನು ಅಂಚಿನಿಂದ ನಡುವಿಗೆ ಹರಡಿ, ಮುಳ್ಳುಚಮಚದಿಂದ ಗೀರುಗಳನ್ನೆಳೆದು, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಓವನ್ನಿನಲ್ಲಿಡಿ. ಗೀರುಗಳ ಏಣುಗಳು ಗರಿಗರಿಯಾಗುತ್ತವೆ. ಓವನ್ ಇಲ್ಲದವರು ದಪ್ಪ ತಳದ ಲೋಹದ ಪಾತ್ರೆಯನ್ನು ಕಾದ ತವೆಯ ಮೇಲಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿ, ಬಿರಿಯಾನಿಗೆ ದಮ್ ಕೊಡುವಂತೆ ಮಾಡಬಹುದು. ನಿನ್ನೆಯ ಕೀಮಾ ಪಲ್ಯ ಉಳಿದಿದ್ದರೆ ಇನ್ನೂ ಒಳ್ಳೆಯದು. ಈ ಅಡುಗೆ ಹುಟ್ಟಿದ್ದೇ ಉಳಿದದ್ದನ್ನು ಚೆಲ್ಲದಿರುವ ಮನಸ್ಸಿನಿಂದ.

ಮದುವೆ ಮನೆಗಳ ಹಿಂಬದಿಯಲ್ಲಿ ಇಂದು ನಾವು ಚೆಲ್ಲುವ ಅನ್ನ-ಮಾಂಸವನ್ನು ನೋಡಿದಾಗ ಈ ಚರಿತ್ರೆ ನೆನಪಾಗುತ್ತದೆ. ಸಮೃದ್ಧಿಯಿಂದ ಹುಟ್ಟಿದ ಅಡುಗೆಗಳು ಎಷ್ಟೋ ಮರೆತುಹೋಗಿವೆ. ಅರ್ಧ ಕಿಲೋ ಮಾಂಸವನ್ನು ಆರು ಜನರಿಗೆ ಹೇಗೆ ಮುಟ್ಟಿಸುವುದೆಂದು ಒಬ್ಬ ತಾಯಿ ಮಾಡಿದ ಲೆಕ್ಕ ಮಾತ್ರ ಇನ್ನೂರು ವರ್ಷಗಳಿಂದ ಉಳಿದು ಬಂದಿದೆ. ಈ ಪೈಯನ್ನು ಬಡಿಸುವಾಗ ಚಮಚವನ್ನು ತಳದವರೆಗೆ ಇಳಿಸಬೇಕು, ಪ್ರತಿಯೊಬ್ಬರ ತಟ್ಟೆಗೂ ಎರಡೂ ಪದರ ಬೀಳಬೇಕು ಎಂಬುದು ಅಲ್ಲಿನ ಮನೆಗಳ ರೂಢಿ. ಒಬ್ಬರಿಗೆ ಬರೀ ಮಾಂಸ, ಇನ್ನೊಬ್ಬರಿಗೆ ಬರೀ ಆಲೂಗಡ್ಡೆ ಎಂಬ ಬಡಿಸುವಿಕೆ ಏನು ಮಾಡಬಲ್ಲದೆಂಬುದನ್ನು ಐರ್ಲೆಂಡ್ ಕಂಡಿದೆ, ನಮ್ಮ ಮೈಸೂರೂ ಬಂಗಾಳವೂ ಕಂಡಿವೆ.